ಆಟದ ಬೆನ್ನ ಹಿಂದಿನಿಂದ ಚೆಂಡಿನ ಎದುರಿಗೆ: ಆಸ್ಟ್ರೇಲಿಯನ್ ಫುಟ್ಬಾಲ್‌ನಲ್ಲಿ ಮೈಬಲದ ಬೆದರಿಕೆ ಎಲ್ಲಿಗೆ ಹೋಯಿತು?

ಯಾರಾದಂಡೆ, ಮೆಲ್ಬರ್ನ್:

ಕಳೆದ ವಾರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕುಳಿತು 1989ರ ಗ್ರ್ಯಾಂಡ್ ಫೈನಲ್‌ನ, ಅಂದರೆ ಲೀಗ್‌ನ ಆ ವರ್ಷದ ಅಂತಿಮ ಪಂದ್ಯದ, ಹಳೆಯ ಚಿತ್ರೀಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಹತ್ತೊಂಬತ್ತು ವರ್ಷಗಳಿಂದ ಈ ಊರಿನಲ್ಲಿದ್ದು, ಚಳಿಗಾಲದ ಪ್ರತಿ ಶನಿವಾರ ಫುಟಿ (ಇಲ್ಲಿ ಈ ಆಟಕ್ಕೆ ಕರೆಯುವ ಹೆಸರು) ನೋಡುವ ಚಟ ಹತ್ತಿಸಿಕೊಂಡಿದ್ದರೂ, ಈ ಪಂದ್ಯದ ತುಣುಕುಗಳನ್ನಷ್ಟೇ ಈವರೆಗೆ ನೋಡಿದ್ದೆ. ಅಂಪೈರ್ ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಆಟ ಆರಂಭಿಸುತ್ತಿದ್ದಂತೆಯೇ ಜೀಲಾಂಗ್ ತಂಡದ ಮಾರ್ಕ್ ಯೇಟ್ಸ್ ಚೆಂಡಿನ ಗೊಡವೆಗೇ ಹೋಗದೆ ನೇರವಾಗಿ ಓಡಿಬಂದು ಹಾಥಾರ್ನ್‌ನ ಡರ್ಮಟ್ ಬ್ರೆರೆಟನ್‌ಗೆ ಗುದ್ದುತ್ತಾರೆ. ಆ ವರ್ಷವೇ ಹಿಂದೊಂದು ಪಂದ್ಯದಲ್ಲಿ ಬ್ರೆರೆಟನ್ ತಮಗೆ ಮಾಡಿದ್ದಕ್ಕೆ ಇದು ಯೇಟ್ಸ್ ತೀರಿಸಿದ ಮುಯ್ಯಿ. ಪಕ್ಕೆಲುಬು ಮುರಿದಿದ್ದ ಬ್ರೆರೆಟನ್ ಮೈದಾನದಲ್ಲೇ ವಾಂತಿ ಮಾಡಿಕೊಂಡು, ಹೊರಗೆ ಹೋಗಲು ಒಪ್ಪದೆ, ಸ್ವಲ್ಪ ಹೊತ್ತಿನಲ್ಲಿಯೇ ಚೆಂಡನ್ನು ಗಾಳಿಯಲ್ಲಿ ಹಿಡಿದು ಗೋಲು ಹೊಡೆಯುತ್ತಾರೆ. ಅದೇ ಪಂದ್ಯದಲ್ಲಿ ಅವರ ಜೊತೆಗಾರ ರಾಬರ್ಟ್ ಡಿಪಿಯರ್ಡೊಮೆನಿಕೊ ಶ್ವಾಸಕೋಶಕ್ಕೆ ತೂತು ಬಿದ್ದಿದ್ದರೂ ಕೊನೆಯವರೆಗೆ ಆಡಿದರು. ಹಾಥಾರ್ನ್ 6 ಅಂಕಗಳಿಂದ ಗೆದ್ದಿತು.

ನಮ್ಮ ಪೀಳಿಗೆಯ ಆಸ್ಟ್ರೇಲಿಯನ್ನರು ಈ ದೃಶ್ಯವನ್ನು ಪುರಾಣದಂತೆ ಹೇಳುತ್ತಾರೆ. ಆದರೆ ಅಂಕಪಟ್ಟಿಯನ್ನು ನೋಡುತ್ತ ಕುಳಿತಿದ್ದ ನನಗೆ ಬೇರೆಯದೇ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಕಾಲುಭಾಗದಲ್ಲಿ ಜೀಲಾಂಗ್ ಆಟಗಾರರು ಎದುರಾಳಿಗಳ ಮೈಗಳ ಬೆನ್ನು ಹತ್ತಿದ್ದರೆ, ಹಾಥಾರ್ನ್ ಆಟಗಾರರು ಚೆಂಡಿನ ಬೆನ್ನು ಹತ್ತಿದ್ದರು. ಆ ಕಾಲುಭಾಗ ಮುಗಿದಾಗ ಅಂತರ 40 ಅಂಕಗಳಾಗಿತ್ತು. ಮುಂದೆ ಗ್ಯಾರಿ ಆಬ್ಲೆಟ್ ಒಬ್ಬರೇ 9 ಗೋಲು ಹೊಡೆದು ಜೀಲಾಂಗನ್ನು ದಡದ ಹತ್ತಿರಕ್ಕೆ ತಂದರೂ ಆ 40 ಅಂಕಗಳನ್ನು ಪೂರ್ತಿಯಾಗಿ ತೀರಿಸಲಾಗಲಿಲ್ಲ. ಬೆದರಿಕೆಯ ಮಹಾಕಥೆಯೆಂದು ಎಲ್ಲರೂ ನೆನೆಯುವ ಪಂದ್ಯದಲ್ಲಿಯೇ ಬೆದರಿಸಲು ಹೋದವರು ಸೋತಿದ್ದರು ಎಂಬುದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ.

ಈ ಆಟಕ್ಕೆ ಹೊಸಬರಾದವರಿಗೆ ಎರಡು ಮಾತು. ಅಂಡಾಕಾರದ ದೊಡ್ಡ ಮೈದಾನದಲ್ಲಿ ಒಂದೊಂದು ತಂಡದಿಂದ 18 ಜನ ಆಡುವ ಈ ಆಟದಲ್ಲಿ ಆಫ್‌ಸೈಡ್ ನಿಯಮವಿಲ್ಲ. ಆದ್ದರಿಂದ ಏಟು ಯಾವ ದಿಕ್ಕಿನಿಂದಲಾದರೂ ಬರಬಹುದು. ಚೆಂಡು 5 ಮೀಟರ್ ಒಳಗಿದ್ದರೆ ಎದುರಾಳಿಯನ್ನು ಭುಜದಿಂದ ತಳ್ಳುವುದು, ಅಂದರೆ ಬಂಪ್ ಮಾಡುವುದು, ನಿಯಮಬದ್ಧ. ಎದುರಿನಿಂದ ಪೂರ್ತಿ ವೇಗದಲ್ಲಿ ಬಂದು ಎದೆಗೆ ಗುದ್ದುವುದಕ್ಕೆ ಶರ್ಟ್‌ಫ್ರಂಟ್ ಎನ್ನುತ್ತಾರೆ. 2014ರಲ್ಲಿ ಪ್ರಧಾನಿ ಟೋನಿ ಅಬಾಟ್ ಅವರು ಪುಟಿನ್ ಅವರಿಗೆ ಶರ್ಟ್‌ಫ್ರಂಟ್ ಮಾಡುತ್ತೇನೆಂದು ಹೇಳಿದಾಗ ಜಗತ್ತಿನ ಪತ್ರಕರ್ತರೆಲ್ಲ ನಿಘಂಟು ಹುಡುಕಿದರಲ್ಲ, ಅದೇ ಪದ.

ನಾನು ಇಲ್ಲಿ ಮುಂದಿಡಬಯಸುವ ಮಾತು ಇಷ್ಟೇ. ಬೆದರಿಕೆ ಈ ಆಟದಿಂದ ಹೊರಟುಹೋಗಿದೆ ಎಂದು ಹಳಬರು ಕೊರಗುತ್ತಾರೆ, ಹೊಸಬರು ಹೆಮ್ಮೆಪಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಹೋಗಿಲ್ಲ, ಜಾಗ ಬದಲಿಸಿದೆ. ಹಿಂದೆ ಅದು ಆಟದ ಬೆನ್ನ ಹಿಂದೆ, ಚೆಂಡಿಲ್ಲದ ಕಡೆ ನಡೆಯುತ್ತಿತ್ತು. ತಂಡಕ್ಕೊಬ್ಬ ಅದಕ್ಕೆಂದೇ ಇರುತ್ತಿದ್ದ. ಈಗ ಅದು ಚೆಂಡಿರುವ ಕಡೆಯೇ, ಇಡೀ ತಂಡದ ಕೆಲಸವಾಗಿ ನಡೆಯುತ್ತದೆ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯಲು ಕುತೂಹಲವಿದೆ.

ಹಳದಿಪಟ್ಟೆ, ರಿಚ್ಮಂಡ್:

ಯಾರಾದಂಡೆಯವರೇ, ಬರಹ ಚೆನ್ನಾಗಿದೆ. ಆದರೆ ಬೆದರಿಸಿದವರು ಸೋತರು ಎಂಬ ತೀರ್ಮಾನಕ್ಕೆ ನೀವು ಅನುಕೂಲವಾದ ಪಂದ್ಯವನ್ನೇ ಆರಿಸಿಕೊಂಡಿದ್ದೀರಿ. 1973ರ ಗ್ರ್ಯಾಂಡ್ ಫೈನಲ್ ನೋಡಿ. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ನಮ್ಮ ರಿಚ್ಮಂಡ್‌ನ ಲಾರಿ ಫೌಲರ್ ಅವರು ಕಾರ್ಲ್ಟನ್‌ನ ನಾಯಕ ಹಾಗೂ ಕೋಚ್ ಎರಡೂ ಆಗಿದ್ದ ಜಾನ್ ನಿಕೋಲ್ಸ್‌ರನ್ನು ಕೆಡವಿದರು. ಬಳಿಕ ನೀಲ್ ಬಾಮ್ ಅವರು ಕಾರ್ಲ್ಟನ್‌ನ ಫುಲ್‌ಬ್ಯಾಕ್, ಅಂದರೆ ಗೋಲಿನ ಮುಂದೆ ನಿಲ್ಲುವ ರಕ್ಷಕ, ಜೆಫ್ ಸೌತ್‌ಬಿಗೆ ಹೊಡೆದರು. ರಿಚ್ಮಂಡ್ 30 ಅಂಕಗಳಿಂದ ಗೆದ್ದಿತು. ಹಿಂದಿನ ವರ್ಷ ಇದೇ ಕಾರ್ಲ್ಟನ್ ನಮ್ಮನ್ನು ಫೈನಲ್‌ನಲ್ಲಿ ಸೋಲಿಸಿತ್ತು. ಮೈದಾನದ ಅತಿ ಗಟ್ಟಿ ಮನುಷ್ಯನನ್ನೇ ಮೊದಲು ಉರುಳಿಸಿದರೆ ಉಳಿದವರ ಹೆಜ್ಜೆ ಅರ್ಧ ಅಡಿ ಚಿಕ್ಕದಾಗುತ್ತದೆ ಎಂಬ ಲೆಕ್ಕ ಅಂದು ಫಲಿಸಿತು. ಜ್ಯಾಕ್ ಡೈಯರ್ ಅವರನ್ನು ಕ್ಯಾಪ್ಟನ್ ಬ್ಲಡ್ ಎಂದು ಕೊಂಡಾಡಿದ ಕ್ಲಬ್ ನಮ್ಮದು. ಅದನ್ನು ಮರೆಮಾಚುವ ಅಗತ್ಯ ನನಗೆ ಕಾಣುವುದಿಲ್ಲ.

ಅದು ಸರಿಯೆಂದು ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡುತ್ತಿತ್ತು ಎನ್ನುತ್ತಿದ್ದೇನೆ. ಕೆಲಸ ಮಾಡದಿದ್ದರೆ ಅಷ್ಟು ದಶಕಗಳ ಕಾಲ, ಅಷ್ಟು ಕೋಚ್‌ಗಳು ಅದಕ್ಕೊಬ್ಬ ಆಟಗಾರನನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ಹೊಸಓದುಗ, ಬೆಂಗಳೂರು:

ನಾನು ಈ ಆಟವನ್ನು ಟಿವಿಯಲ್ಲಿ ಮೂರು ನಾಲ್ಕು ಸಲ ನೋಡಿದ್ದೇನಷ್ಟೇ. ಒಂದು ಸಣ್ಣ ಪ್ರಶ್ನೆ: ಇಷ್ಟೆಲ್ಲ ನಡೆಯುವಾಗ ಅಂಪೈರ್ ಏನು ಮಾಡುತ್ತಿದ್ದರು? ಹಾಗೂ ಆಟದ ಬೆನ್ನ ಹಿಂದೆ ಎಂದರೆ ನಿಖರವಾಗಿ ಏನು?

ಯಾರಾದಂಡೆ, ಮೆಲ್ಬರ್ನ್:

ಒಳ್ಳೆಯ ಪ್ರಶ್ನೆ, ಏಕೆಂದರೆ ಇಡೀ ವಿಷಯದ ಬೇರು ಅಲ್ಲಿಯೇ ಇದೆ. ನೂರೈವತ್ತು ಮೀಟರ್‌ಗೂ ಹೆಚ್ಚು ಉದ್ದದ ಮೈದಾನದಲ್ಲಿ 36 ಜನರ ಮೇಲೆ ಕಣ್ಣಿಡಲು 1976ರವರೆಗೆ ದೊಡ್ಡ ಲೀಗ್‌ನಲ್ಲಿಯೂ ಮೈದಾನದೊಳಗೆ ಇದ್ದದ್ದು ಒಬ್ಬರೇ ಅಂಪೈರ್. ಆ ವರ್ಷ ಇಬ್ಬರಾದರು, 1994ರಲ್ಲಿ ಮೂವರಾದರು, 2023ರಲ್ಲಿ ನಾಲ್ವರಾದರು. ಒಬ್ಬ ಅಂಪೈರ್ ಚೆಂಡಿನ ಹಿಂದೆ ಓಡಲೇಬೇಕು. ಚೆಂಡು ಆ ತುದಿಯಲ್ಲಿದ್ದಾಗ ಈ ತುದಿಯಲ್ಲಿ ಇಬ್ಬರು ಒಂಟಿಯಾಗಿ ನಿಂತಿರುತ್ತಿದ್ದರು. ಅದೇ ಆಟದ ಬೆನ್ನ ಹಿಂದೆ ಎನ್ನುವ ಜಾಗ.

ಎರಡನೆಯ ಕಾರಣ ಆಟದ ರಚನೆಯಲ್ಲಿತ್ತು, ಮತ್ತು ಇದರ ಬಗ್ಗೆ ಜನ ಸಾಕಷ್ಟು ಯೋಚಿಸಿಲ್ಲ ಎಂದು ನನಗನಿಸುತ್ತದೆ. ಅಂದು ಪ್ರತಿಯೊಬ್ಬನಿಗೂ ನಿಗದಿಯಾದ ಸ್ಥಾನವಿತ್ತು, ಆ ಸ್ಥಾನದಲ್ಲಿ ನಿಗದಿಯಾದ ಎದುರಾಳಿಯಿದ್ದ. ಗೋಲು ಹೊಡೆಯುವ ಫುಲ್‌ಫಾರ್ವರ್ಡ್ ಮತ್ತು ಅವನನ್ನು ತಡೆಯುವ ಫುಲ್‌ಬ್ಯಾಕ್ ಇಬ್ಬರೂ ನೂರು ನಿಮಿಷಗಳ ಕಾಲ ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ ನಿಂತಿರುತ್ತಿದ್ದರು. ಒಂದು ಮೊಳಕೈ ಏಟು, ಒಂದು ಚಿವುಟು, ಕಾಲ್ಬೆರಳನ್ನು ಬೂಟಿನಿಂದ ತುಳಿಯುವುದು, ಇವೆಲ್ಲ ದಿನವಿಡೀ ಜಮಾ ಆಗುತ್ತಿದ್ದ ಸಾಲ. 1951ರಲ್ಲಿ ಎಸೆಂಡನ್‌ನ ಜಾನ್ ಕೋಲ್ಮನ್‌ಗೆ ಆದದ್ದು ಇದೇ. ಅಂದಿನ ಅತಿ ದೊಡ್ಡ ಗೋಲುಗಾರನಾಗಿದ್ದ ಅವರು ಫೈನಲ್‌ಗಳ ಮುಂಚಿನ ಕೊನೆಯ ಪಂದ್ಯದಲ್ಲಿ ಕಾರ್ಲ್ಟನ್‌ನ ಹ್ಯಾರಿ ಕ್ಯಾಸ್ಪರ್‌ಗೆ ತಿರುಗಿ ಹೊಡೆದರು. ಕೋಲ್ಮನ್‌ಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು, ಗ್ರ್ಯಾಂಡ್ ಫೈನಲ್ ತಪ್ಪಿತು, ಎಸೆಂಡನ್ 11 ಅಂಕಗಳಿಂದ ಸೋತಿತು. ಹಳದಿಪಟ್ಟೆಯವರು ಹೇಳಿದ ಲೆಕ್ಕದ ಇನ್ನೊಂದು ಮುಖ ಇದು: ಕೆಣಕಿ ಹೊಡೆಯುವಂತೆ ಮಾಡಿದರೂ ಸಾಕು, ಕೆಲಸ ಆಯಿತು.

ಇಂದಿನ ಆಟದಲ್ಲಿ ಆ ಜೋಡಿಯೇ ಇಲ್ಲ. 1978ರಲ್ಲಿ ಇಬ್ಬರು ಬದಲಿ ಆಟಗಾರರನ್ನು ಮತ್ತೆ ಮತ್ತೆ ಒಳಗೆ ಹೊರಗೆ ಕಳುಹಿಸುವ ಪದ್ಧತಿ ಶುರುವಾಯಿತು. ಈಗ ಒಂದು ತಂಡಕ್ಕೆ ಒಂದು ಪಂದ್ಯದಲ್ಲಿ 75 ಬದಲಾವಣೆಗಳ ಮಿತಿಯಿದೆ, ಮಿತಿಯಿಲ್ಲದಿದ್ದಾಗ ಅದಕ್ಕಿಂತ ಬಹಳ ಹೆಚ್ಚಾಗುತ್ತಿದ್ದವು. ಇಡೀ ತಂಡ ಚೆಂಡಿನ ಜೊತೆ ಒಂದು ಬಲೆಯಂತೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಸಾಲ ಕೊಟ್ಟವನು ಎದುರಿಗೇ ನಿಲ್ಲದಿದ್ದರೆ ವಸೂಲಿ ಮಾಡುವುದೆಲ್ಲಿ?

ಹಳದಿಪಟ್ಟೆ, ರಿಚ್ಮಂಡ್:

ಈ ವಾದವನ್ನು ಒಪ್ಪಿದೆ. ನಮ್ಮದೇ 2017ರ ಗೆಲುವಿನ ತಂಡ ಇದಕ್ಕೆ ಸಾಕ್ಷಿ. ಮುಂಚೂಣಿಯಲ್ಲಿ ಗಿಡ್ಡನೆಯ ಚುರುಕು ಹುಡುಗರು, ಎತ್ತರದ ದೈತ್ಯರ ಸಾಲಲ್ಲ. ಎದುರಾಳಿಯ ಕೈಗೆ ಚೆಂಡು ಸಿಕ್ಕ ಗಳಿಗೆಯಲ್ಲೇ ಮೂವರು ಮೈಮೇಲೆ ಬೀಳುತ್ತಿದ್ದರು. ಆ ಮೂವರಲ್ಲಿ ಯಾರನ್ನು ನೋಡಿದರೂ ಭಯವಾಗುವುದಿಲ್ಲ. ಆದರೆ ಅವರು ಬರುತ್ತಿದ್ದಾರೆಂಬ ಸದ್ದಿಗೆ ಕೈಯಲ್ಲಿದ್ದ ಚೆಂಡು ಜಾರುತ್ತದೆ. ಅದನ್ನೂ ಬೆದರಿಕೆ ಎನ್ನಬಹುದಾದರೆ, ನಿಮ್ಮ ಮಾತು ನಿಲ್ಲುತ್ತದೆ.

ಮೂಳೆಗೂಡು, ಅಡಿಲೇಡ್:

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಇಲ್ಲಿಯವರೆಗಿನ ಚರ್ಚೆಯಲ್ಲಿ ಪಕ್ಕೆಲುಬು, ಶ್ವಾಸಕೋಶಗಳ ಪ್ರಸ್ತಾಪ ಬಂದಿದೆ. ಇವೆಲ್ಲ ಕೂಡಿಕೊಳ್ಳುತ್ತವೆ. ಕೂಡಿಕೊಳ್ಳದಿರುವುದು ಮಿದುಳು, ಮತ್ತು ಲೀಗ್ ತನ್ನ ನಿಲುವನ್ನು ಬದಲಿಸಿಕೊಂಡದ್ದರ ಹಿಂದೆ ಇರುವ ದೊಡ್ಡ ಕಾರಣವೂ ಅದೇ ಎಂದು ನಾನು ಭಾವಿಸುತ್ತೇನೆ.

ತಲೆಗೆ ಮೇಲಿಂದ ಮೇಲೆ ಬಿದ್ದ ಏಟುಗಳಿಂದ ವರ್ಷಗಳ ನಂತರ ಕಾಣಿಸಿಕೊಳ್ಳುವ ಮಿದುಳಿನ ಸವಕಳಿಗೆ ವೈದ್ಯರು ಸಿಟಿಇ ಎನ್ನುತ್ತಾರೆ. ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಅದನ್ನು ಖಚಿತಪಡಿಸಲು ಸಾಧ್ಯ. ಈ ಆಟದ ದಂತಕಥೆ ಪಾಲಿ ಫಾರ್ಮರ್ ಅವರಲ್ಲಿ ಅದು ಇತ್ತೆಂದು 2020ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯನ್ ಫುಟ್ಬಾಲ್ ಆಟಗಾರರಲ್ಲಿ ಅದು ಮೊದಲನೆಯದು. ಅದೇ ವರ್ಷ ಸೇಂಟ್ ಕಿಲ್ಡಾದ ಮಾಜಿ ನಾಯಕ ಡ್ಯಾನಿ ಫ್ರಾಲಿ ಅವರ ವರದಿ ಬಂತು, ನಂತರ ರಿಚ್ಮಂಡ್‌ನ ಶೇನ್ ಟಕ್ ಅವರದು. ಟಕ್ ಅವರು ಸತ್ತಾಗ 38 ವರ್ಷ. ಆದರೆ ಫುಟಿ ಬಿಟ್ಟ ಮೇಲೆ ಅವರು ಬಾಕ್ಸಿಂಗ್ ಕೂಡ ಮಾಡಿದ್ದರು ಎಂಬುದನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. 2023ರಲ್ಲಿ ನಮ್ಮ ಅಡಿಲೇಡ್ ತಂಡದಲ್ಲಿ ಆಡಿದ್ದ ಹೆದರ್ ಆಂಡರ್ಸನ್ ಅವರ ವರದಿ ಬಂತು. ವೃತ್ತಿಪರ ಕ್ರೀಡಾಪಟುಗಳಾದ ಮಹಿಳೆಯರಲ್ಲಿ ಜಗತ್ತಿನಲ್ಲೇ ಅದು ಮೊದಲ ಪ್ರಕರಣ. ಅವರಿಗೆ 28 ವರ್ಷ.

ಇಲ್ಲಿ ನಾನು ಯಾರಾದಂಡೆಯವರ ವಾದಕ್ಕೆ ಒಂದು ಅಹಿತಕರವಾದ ವಿಷಯವನ್ನು ಸೇರಿಸಬೇಕಾಗಿದೆ. ಈ ರೋಗ ಬೆದರಿಕೆಯ ಏಟಿಗೂ ಎದೆಗಾರಿಕೆಯ ಏಟಿಗೂ ಭೇದ ಮಾಡುವುದಿಲ್ಲ. 2004ರಲ್ಲಿ ನಿಕ್ ರೀವೋಲ್ಟ್ ಅವರು ಸಿಡ್ನಿಯಲ್ಲಿ ಚೆಂಡು ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಎದುರಿನಿಂದ ಯಾರು ಬರುತ್ತಿದ್ದಾರೆಂದು ನೋಡದೆಯೇ ಓಡಿ ಹಿಡಿದ ಚೆಂಡನ್ನು ನೀವೆಲ್ಲ ನೋಡಿರುತ್ತೀರಿ. ಅಂಥ ಧೈರ್ಯಕ್ಕೇ ಹೆಸರಾಗಿದ್ದ ಬ್ರಿಸ್ಬೇನ್‌ನ ಜೊನಾಥನ್ ಬ್ರೌನ್ ಹಲವು ಬಾರಿ ಮುಖದ ಮೂಳೆ ಮುರಿದುಕೊಂಡು, ಕೊನೆಗೆ 2014ರಲ್ಲಿ ತಲೆಗಾದ ಪೆಟ್ಟಿನಿಂದಾಗಿ ಆಟ ಬಿಟ್ಟರು. ಅವರನ್ನು ಯಾರೂ ಬೆದರಿಸಿರಲಿಲ್ಲ. ಆದ್ದರಿಂದ ಪುಂಡಾಟವನ್ನು ತೆಗೆದರೆ ಆಟ ಸುರಕ್ಷಿತವಾಗುತ್ತದೆ ಎಂಬ ನಂಬಿಕೆ ಅರ್ಧಸತ್ಯ. ಚೆಂಡಿರುವ ಕಡೆ ಮೂವರು ಒಟ್ಟಿಗೆ ಬೀಳುವ ಹೊಸ ಪದ್ಧತಿಯಲ್ಲಿ ಯಾರ ಮೇಲೂ ಯಾರಿಗೂ ದ್ವೇಷವಿಲ್ಲ, ಆದರೆ ಡಿಕ್ಕಿಗಳು ಕಡಿಮೆಯಾಗಿಲ್ಲ. 2021ರಿಂದ ತಲೆಗೆ ಪೆಟ್ಟಾದ ಆಟಗಾರ ಕನಿಷ್ಠ 12 ದಿನ ಆಡುವಂತಿಲ್ಲವೆಂಬ ನಿಯಮ ಬಂದಿದೆ. ನನ್ನ ಬಳಿಗೆ ಬರುವ ಹವ್ಯಾಸಿ ಆಟಗಾರರು ಹನ್ನೆರಡು ದಿನಗಳೆಂದರೆ ಎರಡು ಶನಿವಾರವೋ ಒಂದೋ ಎಂದು ಲೆಕ್ಕ ಹಾಕುವುದನ್ನು ನೋಡಿದ್ದೇನೆ. ಅವರ ಹಂತಕ್ಕೆ ಈಗ 21 ದಿನಗಳೆಂದಾಗ ಮುಖ ಬಾಡುತ್ತದೆ.

ಸ್ವಾನ್‌ತೀರ, ಪರ್ತ್:

ಮೂಳೆಗೂಡು ಅವರ ಮಾತಿಗೆ ಒಂದು ಕುಟುಂಬದ ಕಥೆಯನ್ನೇ ಉದಾಹರಣೆಯಾಗಿ ಕೊಡಬಹುದು. 2018ರ ಆಗಸ್ಟ್‌ನಲ್ಲಿ ನಮ್ಮ ಊರಿನ ಎರಡು ತಂಡಗಳ ನಡುವಿನ ಡರ್ಬಿ ಪಂದ್ಯದಲ್ಲಿ ವೆಸ್ಟ್ ಕೋಸ್ಟ್‌ನ ಆಂಡ್ರ್ಯೂ ಗ್ಯಾಫ್ ಅವರು ಫ್ರೀಮ್ಯಾಂಟಲ್‌ನ ಆಂಡ್ರ್ಯೂ ಬ್ರೇಶಾಗೆ ಚೆಂಡಿಲ್ಲದ ಕಡೆ ಗುದ್ದಿದರು. ಹುಡುಗನಿಗೆ ಆಗ 18 ವರ್ಷ. ದವಡೆ ಮುರಿಯಿತು, ಹಲ್ಲುಗಳು ಕದಲಿದವು. ಗ್ಯಾಫ್ ಅದಕ್ಕೆ ಮೊದಲು ಸಭ್ಯ ಆಟಗಾರರೆಂದೇ ಹೆಸರಾಗಿದ್ದವರು. ಎಂಟು ಪಂದ್ಯಗಳ ನಿಷೇಧ ಬಿತ್ತು. ಎರಡು ತಿಂಗಳೊಳಗೆ ಅವರ ತಂಡ ಪ್ರೀಮಿಯರ್‌ಶಿಪ್, ಅಂದರೆ ಆ ವರ್ಷದ ಲೀಗ್ ಪ್ರಶಸ್ತಿ, ಗೆದ್ದಾಗ ಅವರು ಮೈದಾನದೊಳಗಿರಲಿಲ್ಲ.

ಐದು ವರ್ಷಗಳ ನಂತರ, 2023ರ ಸೆಪ್ಟೆಂಬರ್‌ನಲ್ಲಿ, ಎಂಸಿಜಿಯಲ್ಲಿ ಅದೇ ಹುಡುಗನ ಅಣ್ಣ, ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ, ಚೆಂಡನ್ನು ಒದ್ದ ಕ್ಷಣದಲ್ಲೇ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಅದನ್ನು ತಡೆಯಲು ಗಾಳಿಗೆ ನೆಗೆದು, ಇಳಿಯುವಾಗ ಭುಜ ಆಂಗಸ್‌ರ ತಲೆಗೆ ತಾಗಿತು. ಆಂಗಸ್ ಪ್ರಜ್ಞೆ ತಪ್ಪಿದರು. ಲೀಗ್‌ನ ಶಿಸ್ತು ವಿಚಾರಣೆ ನಡೆಸುವ ಟ್ರಿಬ್ಯೂನಲ್ ಮೇನಾರ್ಡ್‌ರನ್ನು ನಿರ್ದೋಷಿ ಎಂದಿತು. ಆಂಗಸ್ ಮುಂದಿನ ಫೆಬ್ರುವರಿಯಲ್ಲಿ ವೈದ್ಯರ ಸಲಹೆಯ ಮೇರೆಗೆ ನಿವೃತ್ತರಾದರು, ಮತ್ತೆಂದೂ ಆಡಲಿಲ್ಲ. ಮೇನಾರ್ಡ್ ಮಾತ್ರ ಆ ಡಿಕ್ಕಿಯಾದ ಸೆಪ್ಟೆಂಬರ್‌ನಲ್ಲೇ ಪ್ರೀಮಿಯರ್‌ಶಿಪ್ ಪದಕ ಧರಿಸಿದ್ದರು.

ಒಂದೇ ಮನೆಯ ಇಬ್ಬರು. ಸಿಟ್ಟಿನ ಏಟು ತಿಂದ ತಮ್ಮ ಇಂದಿಗೂ ಆಡುತ್ತಿದ್ದಾರೆ. ಸಿಟ್ಟೇ ಇಲ್ಲದ ಡಿಕ್ಕಿಗೆ ಅಣ್ಣನ ಆಟ ಮುಗಿಯಿತು.

ಕಪ್ಪುಬಿಳುಪು, ಮೆಲ್ಬರ್ನ್:

ಕಾಲಿಂಗ್‌ವುಡ್ ಅಭಿಮಾನಿಯಾಗಿ ನಾನು ಮೇನಾರ್ಡ್ ಅವರ ಪರ ಮಾತನಾಡುತ್ತೇನೆಂದು ಎಲ್ಲರೂ ಊಹಿಸಿರಬಹುದು, ಊಹೆ ತಪ್ಪಲ್ಲ. ಆದರೆ ನನ್ನ ಆಕ್ಷೇಪ ಅವರೊಬ್ಬರಿಗೆ ಸೀಮಿತವಾದುದಲ್ಲ. ಇಂದಿನ ಪದ್ಧತಿಯಲ್ಲಿ ಒಂದು ಏಟನ್ನು ಮೂರು ಅಳತೆಗಳಲ್ಲಿ ತೂಗುತ್ತಾರೆ: ಅದು ಬೇಕೆಂದೇ ಮಾಡಿದ್ದೋ ಅಜಾಗರೂಕತೆಯೋ, ಪರಿಣಾಮ ಎಷ್ಟು ತೀವ್ರ, ತಲೆಗೆ ತಾಗಿತೋ ಮೈಗೆ ತಾಗಿತೋ. ಎರಡನೆಯ ಅಳತೆಯಲ್ಲಿ ಪರಿಣಾಮಕ್ಕೆ ಅಷ್ಟು ತೂಕವಿರುವುದರಿಂದ, ಒಂದೇ ರೀತಿಯ ಬಂಪ್‌ಗೆ ಎದುರಾಳಿ ಎದ್ದು ನಿಂತರೆ ದಂಡ, ಮಲಗಿದರೆ ಹಲವು ವಾರಗಳ ನಿಷೇಧ. ಕೆಟ್ಟ ಉದ್ದೇಶದಿಂದ ಮಾಡಿ ಗುರಿ ತಪ್ಪಿದವನು ಮನೆಗೆ ಹೋಗುತ್ತಾನೆ. ಚೆಂಡಿಗಾಗಿ ಹೋಗಿ ಅರ್ಧ ಕ್ಷಣ ತಡವಾದವನು ವಕೀಲರನ್ನು ಹುಡುಕುತ್ತಾನೆ. ಮೇನಾರ್ಡ್ ಪ್ರಕರಣದ ಬಳಿಕ, ಚೆಂಡು ತಡೆಯಲು ನೆಲ ಬಿಟ್ಟು ನೆಗೆದವನು ಎದುರಾಳಿಯ ತಲೆಗೆ ತಾಗಿದರೆ, ತಪ್ಪಿಸಲು ಸಾಧ್ಯವಿದ್ದುದನ್ನೆಲ್ಲ ಮಾಡಿದ್ದೆನೆಂದು ತೋರಿಸದ ಹೊರತು, ಕನಿಷ್ಠ ಅಜಾಗರೂಕನೆಂದು ಪರಿಗಣಿಸುವುದಾಗಿ ಲೀಗ್ ನಿಯಮವನ್ನೇ ಬದಲಿಸಿತು. ಗಾಳಿಯಲ್ಲಿರುವ ಮನುಷ್ಯ ಬ್ರೇಕ್ ಹಾಕುವುದು ಹೇಗೆ?

ಇನ್ನೊಂದು ವಿಷಯ. ಬ್ರೌನ್‌ಲೋ ಪದಕ ಅತ್ಯುತ್ತಮ ಆಟಗಾರನಿಗಲ್ಲ, ಸಭ್ಯನೂ ಅತ್ಯುತ್ತಮನೂ ಆದವನಿಗೆ ಎಂಬ ಕಾರಣಕ್ಕೆ ನಿಷೇಧಿತ ಆಟಗಾರನಿಗೆ ಅದು ಸಿಗುವುದಿಲ್ಲ. 1997ರಲ್ಲಿ ಕ್ರಿಸ್ ಗ್ರಾಂಟ್ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದೂ ಒಂದೇ ಪಂದ್ಯದ ನಿಷೇಧದಿಂದ ಅದನ್ನು ಕಳೆದುಕೊಂಡರು. ಗ್ರಾಂಟ್ ಅವರನ್ನು ಪುಂಡ ಎಂದು ಈ ದೇಶದಲ್ಲಿ ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ಇತ್ತ ಆಟಗಾರರೇ ಆರಿಸುವ ವರ್ಷದ ಅತ್ಯಮೂಲ್ಯ ಆಟಗಾರನ ಪ್ರಶಸ್ತಿಗೆ ಲೀ ಮ್ಯಾಥ್ಯೂಸ್ ಅವರ ಹೆಸರಿದೆ. 1985ರಲ್ಲಿ ಆಟದ ಬೆನ್ನ ಹಿಂದೆ ಜೀಲಾಂಗ್‌ನ ನೆವಿಲ್ ಬ್ರನ್ಸ್ ಅವರ ದವಡೆ ಮುರಿದು, ಲೀಗ್‌ನಿಂದ ನಾಲ್ಕು ವಾರ ನೋಂದಣಿ ರದ್ದಾಗಿ, ಪೊಲೀಸ್ ಮೊಕದ್ದಮೆಯನ್ನೂ ಎದುರಿಸಿದವರು ಇದೇ ಮ್ಯಾಥ್ಯೂಸ್. ಐದೇ ವರ್ಷಗಳಲ್ಲಿ ಅವರು ನಮ್ಮ ಕೋಚ್ ಆಗಿ, 32 ವರ್ಷಗಳ ಬರವನ್ನು ನೀಗಿಸಿದರು. ನಾನು ಅವರಿಗೆ ಋಣಿ. ಆದರೂ ಎರಡು ಪ್ರಶಸ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಈ ಆಟ ತನ್ನ ಬಗ್ಗೆ ತಾನೇ ನಿರ್ಧರಿಸಿಲ್ಲ ಎನಿಸುತ್ತದೆ.

ಮೂಳೆಗೂಡು, ಅಡಿಲೇಡ್:

ಕಪ್ಪುಬಿಳುಪು ಅವರೇ, ಗಾಳಿಯಲ್ಲಿ ಬ್ರೇಕ್ ಇಲ್ಲ ಎಂಬುದು ನಿಜ. ಆದರೆ ನಿಯಮ ಮಾತನಾಡುವುದು ನೆಲ ಬಿಡುವುದಕ್ಕೆ ಮುಂಚಿನ ಕ್ಷಣದ ಬಗ್ಗೆ. 2012ರಲ್ಲಿ ಸಿಡ್ನಿಯ ಗ್ಯಾರಿ ರೋಹನ್ ಅವರ ಕಾಲು ಮುರಿದ ನಂತರ, ಮೊಣಕಾಲಿನ ಕೆಳಗೆ ಜಾರಿಕೊಂಡು ಬಂದು ತಾಗುವುದನ್ನು ಮರುವರ್ಷ ನಿಷೇಧಿಸಿದರು. ಚೆಂಡಿಗಾಗಿ ಜಾರುವುದು ಶೌರ್ಯ, ಅದನ್ನು ತೆಗೆದರೆ ಆಟ ಸತ್ತಂತೆ ಎಂದು ಅಂದೂ ಹೇಳಿದರು. ಎರಡೇ ವರ್ಷಗಳಲ್ಲಿ ಆಟಗಾರರು ನಿಂತೇ ಚೆಂಡು ಎತ್ತಲು ಕಲಿತರು. ದೇಹ ತರಬೇತಿಗೆ ಬಗ್ಗುತ್ತದೆ. ಇದನ್ನು ನಾನು ದಿನವೂ ನೋಡುತ್ತೇನೆ.

ಪರಿಣಾಮಕ್ಕೆ ತೂಕ ಕೊಡುವುದು ಅನ್ಯಾಯ ಎಂಬ ನಿಮ್ಮ ಮಾತಿನಲ್ಲಿ ಮಾತ್ರ ನನಗೂ ಸಹಮತವಿದೆ.

ಯಾರಾದಂಡೆ, ಮೆಲ್ಬರ್ನ್:

ಇಂದು ಪರಿಣಾಮವೊಂದನ್ನೇ ತೂಗುತ್ತಿಲ್ಲ ಎಂದು ತೋರಿಸಲು ಒಂದೇ ಮೈದಾನದ ಎರಡು ಘಟನೆಗಳನ್ನು ಹೇಳುತ್ತೇನೆ. 1972ರ ಜುಲೈನಲ್ಲಿ ಮೂರಾಬಿನ್ ಮೈದಾನದಲ್ಲಿ ಕಾಲಿಂಗ್‌ವುಡ್‌ನ ಜಾನ್ ಗ್ರೀನಿಂಗ್ ಚೆಂಡನ್ನು ಒದ್ದ ನಂತರ, ಆಟ ಮುಂದೆ ಸರಿದಿದ್ದಾಗ, ಸೇಂಟ್ ಕಿಲ್ಡಾದ ಜಿಮ್ ಒಡೇ ಬಂದು ಗ್ರೀನಿಂಗ್‌ರನ್ನು ಕೆಡವಿದರು. ಗ್ರೀನಿಂಗ್ ಕೋಮಾಕ್ಕೆ ಹೋದರು. 21ರ ಹರೆಯದ ಆ ಅದ್ಭುತ ಆಟಗಾರ ಮತ್ತೆ ಮೈದಾನಕ್ಕೆ ಬಂದದ್ದು 1974ರಲ್ಲಿ. ಒಡೇ ಅವರಿಗೆ ಸಿಕ್ಕಿದ್ದು 10 ಪಂದ್ಯಗಳ ನಿಷೇಧ. 2024ರಲ್ಲಿ ಅದೇ ಮೂರಾಬಿನ್‌ನಲ್ಲಿ, ಅದೂ ಋತು ಶುರುವಾಗುವ ಮೊದಲಿನ ಅಭ್ಯಾಸ ಪಂದ್ಯದಲ್ಲಿ, ಅದೇ ಸೇಂಟ್ ಕಿಲ್ಡಾದ ಜಿಮ್ಮಿ ವೆಬ್‌ಸ್ಟರ್ ಅವರು ನಾರ್ತ್ ಮೆಲ್ಬರ್ನ್‌ನ ಜಂಟಿ ನಾಯಕ ಜೈ ಸಿಂಪ್ಕಿನ್‌ಗೆ ತಡವಾಗಿ ಬಂಪ್ ಮಾಡಿದರು. ಸಿಂಪ್ಕಿನ್‌ಗೆ ಕನ್ಕಷನ್ (ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಆಘಾತ) ಆಯಿತು, ಆದರೆ ಕೆಲವೇ ವಾರಗಳಲ್ಲಿ ಮರಳಿದರು. ವೆಬ್‌ಸ್ಟರ್‌ಗೆ 7 ಪಂದ್ಯ.

ಒಬ್ಬನ ಎರಡು ವರ್ಷ ಕಸಿದುಕೊಂಡದ್ದಕ್ಕೆ ಅಂದು ಹತ್ತು, ಕೆಲವು ವಾರ ಕಸಿದುಕೊಂಡದ್ದಕ್ಕೆ ಇಂದು ಏಳು. ಪರಿಣಾಮವನ್ನು ಮಾತ್ರ ಅಳೆಯುತ್ತಿದ್ದರೆ ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬರುತ್ತಿರಲಿಲ್ಲ. ಇಂದು ಆಗಬಹುದಾಗಿದ್ದ ಅಪಾಯಕ್ಕೂ ಬೆಲೆ ಕಟ್ಟುತ್ತಿದ್ದಾರೆ. ಕಪ್ಪುಬಿಳುಪು ಅವರ ಆಕ್ಷೇಪಕ್ಕೆ ಲೀಗ್ ನಿಧಾನವಾಗಿಯಾದರೂ ಉತ್ತರ ಕೊಡುತ್ತಿದೆ ಎಂದೇ ನಾನು ಇದನ್ನು ಓದುತ್ತೇನೆ.

ಕಾಡುಮಲ್ಲಿಗೆ, ಸಿಡ್ನಿ:

ಎಲ್ಲರೂ ಕೈ, ಭುಜ, ಮೊಳಕೈಗಳ ಬಗ್ಗೆ ಮಾತನಾಡುತ್ತಿದ್ದೀರಿ. ನಾಲಗೆಯನ್ನು ಬಿಟ್ಟಿದ್ದೀರಿ. ಮೂಲನಿವಾಸಿ ಆಟಗಾರರ ವಿಷಯದಲ್ಲಿ ಈ ಎರಡೂ ಒಂದೇ ಯೋಜನೆಯ ಎರಡು ಕೈಗಳಾಗಿದ್ದವು: ಮೊದಲು ಚರ್ಮದ ಬಣ್ಣ ಹಿಡಿದು ಹೀಯಾಳಿಸುವ ಮಾತು, ಅದಕ್ಕೆ ತಿರುಗಿಬಿದ್ದರೆ ಮೈಮೇಲೆ ಏಟು, ತಿರುಗಿ ಹೊಡೆದರೆ ನಿಷೇಧ. ಅದು ಆಟದ ಭಾಗ, ಗೆಲ್ಲಲು ಎಲ್ಲವೂ ಸರಿ ಎಂದು ಸಮರ್ಥಿಸಿಕೊಳ್ಳುತ್ತಿದ್ದ ಕಾಲ ತೀರ ಹಿಂದಿನದಲ್ಲ. 1993ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಪಾರ್ಕ್‌ನಲ್ಲಿ ಸೇಂಟ್ ಕಿಲ್ಡಾದ ನಿಕಿ ವಿನ್ಮಾರ್ ತಮ್ಮನ್ನು ಹೀಯಾಳಿಸಿದ ಪ್ರೇಕ್ಷಕರ ಕಡೆಗೆ ತಿರುಗಿ ಜೆರ್ಸಿ ಎತ್ತಿ ತಮ್ಮ ಚರ್ಮವನ್ನು ಬೆರಳಿನಿಂದ ತೋರಿಸಿದ ಚಿತ್ರ ನಿಮಗೆ ಗೊತ್ತು. 1995ರಲ್ಲಿ ಎಸೆಂಡನ್‌ನ ಮೈಕಲ್ ಲಾಂಗ್ ಎದುರಾಳಿಯ ಮಾತಿನ ವಿರುದ್ಧ ಬಹಿರಂಗವಾಗಿ ದೂರು ಕೊಟ್ಟು ಪಟ್ಟು ಹಿಡಿದು ನಿಂತರು, ಅದೇ ವರ್ಷ ಜನಾಂಗೀಯ ನಿಂದನೆಯ ವಿರುದ್ಧದ ನಿಯಮ ಬಂತು.

ಪುಂಡಾಟ ಕಡಿಮೆಯಾದದ್ದಕ್ಕೆ ಅಂಪೈರ್, ಆಟದ ರಚನೆ ಎಂದು ಪಟ್ಟಿ ಮಾಡಿದ್ದೀರಿ; ಟಿವಿ ಕ್ಯಾಮೆರಾವೂ ಒಂದು ಕಾರಣವಿರಬಹುದು. ಏಟು ತಿಂದವರು ಬಾಯಿ ಬಿಟ್ಟರು ಎಂಬುದನ್ನೂ ಆ ಪಟ್ಟಿಗೆ ದಯವಿಟ್ಟು ಸೇರಿಸಿ. ಮೈದಾನದಲ್ಲಿ ಆದದ್ದು ಮೈದಾನದಲ್ಲೇ ಉಳಿಯಬೇಕು ಎಂಬ ಅಲಿಖಿತ ಒಪ್ಪಂದವನ್ನು ಮುರಿದದ್ದು ಯಂತ್ರಗಳಲ್ಲ.

ಯಾರಾದಂಡೆ, ಮೆಲ್ಬರ್ನ್:

ಕಾಡುಮಲ್ಲಿಗೆಯವರೇ, ಇದನ್ನು ನಾನು ಬಿಟ್ಟದ್ದು ತಪ್ಪು. ಒಪ್ಪಿಕೊಳ್ಳುತ್ತೇನೆ.

ವೆರಿಬೀನದಿ, ಪಶ್ಚಿಮ ಮೆಲ್ಬರ್ನ್:

ಇಷ್ಟು ದಿನ ಓದುತ್ತಲೇ ಇದ್ದೆ, ಇವತ್ತು ಬರೆಯಬೇಕೆನಿಸಿತು. ನಾನು ನಮ್ಮ ಬಡಾವಣೆಯ ಮಹಿಳಾ ತಂಡವೊಂದರಲ್ಲಿ ಮೂರು ವರ್ಷಗಳಿಂದ ಆಡುತ್ತಿದ್ದೇನೆ. 2017ರಲ್ಲಿ ಮಹಿಳಾ ಲೀಗ್‌ನ ಮೊಟ್ಟಮೊದಲ ಪಂದ್ಯಕ್ಕೆ ಪ್ರಿನ್ಸಸ್ ಪಾರ್ಕ್ ಮೈದಾನ ತುಂಬಿ, ಬಾಗಿಲು ಮುಚ್ಚಿ ಜನರನ್ನು ಹೊರಗೆ ನಿಲ್ಲಿಸಿದ ರಾತ್ರಿ ಟಿವಿಯಲ್ಲಿ ನೋಡಿ, ನನಗೂ ಆಡಬೇಕೆನಿಸಿತ್ತು. ಎರಡು ಮಕ್ಕಳಾದ ಮೇಲೆ ಧೈರ್ಯ ಬಂತು. (ನಮ್ಮತ್ತೆಗೆ ಇಂದಿಗೂ ನಾನು ವಾಲಿಬಾಲ್‌ಗೆ ಹೋಗುತ್ತೇನೆಂದೇ ಗೊತ್ತು.)

ನೀವು ಹೇಳುವ ಬದಲಾವಣೆಗಳೆಲ್ಲ ಕ್ಯಾಮೆರಾ ಇರುವ ಕಡೆ ಆದವು. ನಮ್ಮ ಮೈದಾನದಲ್ಲಿ ಕ್ಯಾಮೆರಾ ಇಲ್ಲ, ಅಂಪೈರ್ ಎಂದರೆ ಕೆಲವು ವಾರ ಹದಿನೇಳು ವರ್ಷದ ಹುಡುಗ. ಹಾಗಾಗಿ ಯಾರಾದಂಡೆಯವರು 1976ಕ್ಕಿಂತ ಹಿಂದಿನದೆಂದು ಹೇಳಿದ ಬೆನ್ನ ಹಿಂದಿನ ಜಾಗ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಕಳೆದ ವರ್ಷ ಒಂದು ಪಂದ್ಯದಲ್ಲಿ ನನ್ನ ಎದುರಾಳಿ ಮೊದಲ ಬೌನ್ಸ್‌ಗೆ ಮುಂಚೆ ಹತ್ತಿರ ಬಂದು, ನಿನ್ನ ಮಕ್ಕಳಿಗೆ ಇವತ್ತು ಅಡುಗೆ ಮಾಡುವವರು ಯಾರು ಎಂದು ಮೆಲ್ಲಗೆ ಕೇಳಿದರು. ಮೂರನೇ ಕಾಲುಭಾಗದಲ್ಲಿ, ಚೆಂಡು ಆ ಕಡೆಯ ಗೋಲಿನ ಹತ್ತಿರ ಇದ್ದಾಗ, ಹೊಟ್ಟೆಗೆ ಮೊಳಕೈ ಏಟು ಬಿತ್ತು. ದೂರು ಕೊಡುತ್ತೇನೆಂದಾಗ ನಮ್ಮ ಕ್ಲಬ್‌ನ ಹಿರಿಯರೊಬ್ಬರು ಪ್ರೀತಿಯಿಂದಲೇ ಬುದ್ಧಿ ಹೇಳಿದರು: ಮುಂದಿನ ವಾರ ಅವರದೇ ಮೈದಾನದಲ್ಲಿ ಮತ್ತೆ ಆಡಬೇಕು, ಬೇಡ ಬಿಡು ತಾಯಿ. ನಾನು ಬಿಟ್ಟೆ. ಅದಕ್ಕೆ ಈಗಲೂ ನನಗೆ ನನ್ನ ಮೇಲೇ ಸಿಟ್ಟಿದೆ.

ಹಾಗೆಂದು ಮೈಗೆ ಮೈ ತಾಗುವುದು ನನಗೆ ಬೇಡವೆಂದು ತಿಳಿಯಬೇಡಿ. ಬೆನ್ನಟ್ಟಿ ಹೋಗಿ, ಸೊಂಟಕ್ಕೆ ಕೈಹಾಕಿ, ನೆಲಕ್ಕೆ ತಂದು, ಚೆಂಡು ಅವಳ ಕೈಯಲ್ಲೇ ಸಿಕ್ಕಿಹಾಕಿಕೊಂಡು ಅಂಪೈರ್ ಸೀಟಿ ಊದಿದಾಗ ಆಗುವ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ನಲವತ್ತರ ಹತ್ತಿರದಲ್ಲಿ ನನ್ನ ಮೈಯಲ್ಲಿ ಇಷ್ಟು ಬಲವಿದೆಯೆಂದು ಮೊದಲ ಬಾರಿಗೆ ತಿಳಿಸಿದ ಆಟ ಇದು. ಆ ಬಲವನ್ನು ಚೆಂಡು ಇರುವ ಕಡೆ ನನ್ನ ಮೇಲೂ ತೋರಿಸಲಿ, ನಾನೂ ತೋರಿಸುತ್ತೇನೆ.

ಹಳದಿಪಟ್ಟೆ, ರಿಚ್ಮಂಡ್:

ವೆರಿಬೀನದಿಯವರೇ, 1973ರ ಬಗ್ಗೆ ನಾನು ಬರೆದದ್ದನ್ನು ನಿಮ್ಮ ಬರಹದ ನಂತರ ಮತ್ತೊಮ್ಮೆ ಓದಿದೆ. ಅದು ಕೆಲಸ ಮಾಡುತ್ತಿತ್ತು ಎಂಬ ನನ್ನ ಮಾತು ಈಗಲೂ ನಿಜವೇ. ನಿಮ್ಮ ಮೇಲೂ ಅದು ಕೆಲಸ ಮಾಡಿತು, ನೀವು ದೂರು ಕೊಡಲಿಲ್ಲ. ಹಾಗೆ ಬರೆಯುವಾಗ ನನಗೆ ನಿಕೋಲ್ಸ್ ಕಂಡಿದ್ದರು, ನೀವು ಕಂಡಿರಲಿಲ್ಲ. ಆ ತಂಡದ ಜೊತೆ ನಿಮ್ಮ ಮುಂದಿನ ಪಂದ್ಯ ಯಾವಾಗ? ನಾಲ್ಕು ಜನ ಬಂದು ಗಡಿಗೆರೆಯ ಬಳಿ, ಆಟದ ಬೆನ್ನ ಹಿಂದಿನ ತುದಿಯಲ್ಲೇ, ಫೋನ್ ಹಿಡಿದು ನಿಲ್ಲುತ್ತೇವೆ.

ವೆರಿಬೀನದಿ, ಪಶ್ಚಿಮ ಮೆಲ್ಬರ್ನ್:

ಜೂನ್ ಎರಡನೇ ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ. ಫೋನ್ ಹಿಡಿಯಲು ಇಬ್ಬರು ಸಾಕು. ಉಳಿದ ಇಬ್ಬರು ಗೋಲ್ ಅಂಪೈರ್ ಆಗಿ ಬಾವುಟ ಹಿಡಿಯಬೇಕು; ನಮಗೆ ಪ್ರತಿ ವಾರವೂ ಅದಕ್ಕೆ ಜನ ಸಿಗುವುದಿಲ್ಲ.